ಬಿಳಿ ಸಾಸಿನ ಗಂಟು

ಫ್ರೆಂಚರ ಅಡುಗೆಯ ಇತಿಹಾಸವನ್ನು ನಾನು ಬಾಯಿಪಾಠ ಮಾಡಿದ್ದು ಸಂಶಿ ಊರಿನ ಗಂಡನ ಮನೆಯ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತ. ಧಾರವಾಡದಲ್ಲಿ ಗೃಹವಿಜ್ಞಾನ ಓದುತ್ತಿದ್ದವಳನ್ನು ಕೊನೆಯ ವರ್ಷದಲ್ಲೇ ಹಿಡಿದು ಮದುವೆ ಮಾಡಿದ್ದರು. ಪರೀಕ್ಷೆಗೆ ಕಳಿಸುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಪಾಸಾದರೆ ಶಾಲೆಯಲ್ಲಿ ನೌಕರಿ, ಇಲ್ಲದಿದ್ದರೆ ಸಾಯುವತನಕ ಈ ಒಲೆ. ಆ ಒಂದು ಮಾತನ್ನು ನೆಚ್ಚಿಕೊಂಡೇ ಹೊಗೆಯಲ್ಲಿ ದಿನ ದೂಡುತ್ತಿದ್ದೆ.

ಪರೀಕ್ಷೆಯ ಪಾಠದ ಪ್ರಕಾರ, ಅರಸರ ಕಾಲದಲ್ಲಿ ಫ್ರಾನ್ಸಿನಲ್ಲಿ ಭಕ್ಷ್ಯಗಳನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಹರವುತ್ತಿದ್ದರಂತೆ. ಉತ್ತರದವರದು ಬೆಣ್ಣೆಯ ಅಡುಗೆ, ದಕ್ಷಿಣದವರದು ಆಲಿವ್ ಎಣ್ಣೆಯದು. ಅರಸೊತ್ತಿಗೆ ಬಿದ್ದ ಮೇಲೆ ದೊಡ್ಡವರ ಮನೆಯ ಎಷ್ಟೋ ಬಾಣಸಿಗರು ಹೊರಬಿದ್ದು ತಮ್ಮದೇ ಊಟದ ಮನೆಗಳನ್ನು ತೆರೆದರಂತೆ. ಆ ಭಾಗ ಬಂದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಒಂದು ದಿನ ಮಾವನಿಗೆ ಹಲ್ಲುನೋವು, ರೊಟ್ಟಿ ಅಗಿಯಲಾಗಲಿಲ್ಲ. ಬೆಣ್ಣೆಯಲ್ಲಿ ಮೈದಾ ಹುರಿದು, ಸ್ವಲ್ಪಸ್ವಲ್ಪವೇ ಹಾಲು ಬಿಡುತ್ತ, ಗಂಟಾಗದಂತೆ ತಿರುವಿ ಫ್ರೆಂಚರ ಬಿಳಿ ಸಾಸ್ ಮಾಡಿದೆ. ಬೇಯಿಸಿದ ಗಜ್ಜರಿಯ ಮೇಲೆ ಅದನ್ನು ಹಾಕಿಕೊಟ್ಟೆ.

"ಅಗದಿ ಛಲೋ ಆಗೇತಿ ಬಿಡವಾ. ನಾಳೆನೂ ಇದನ್ನ ಮಾಡು," ಎಂದರು.

ಅಲ್ಲಿಗೆ ನಾನು ಕೆಟ್ಟೆ. ಹಲ್ಲುನೋವು ಹೋದರೂ ಸಾಸ್ ಹೋಗಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅತ್ತೆ ಕೇಳಿದರು: "ನೀ ಧಾರವಾಡಕ್ಕ ಹೋದ್ರ ಇವರಿಗೆ ಅದನ್ನ ಯಾರು ಮಾಡಿ ಹಾಕಬೇಕು?"

"ನಿಮಗ ಕಲಿಸಿಕೊಟ್ಟ ಹೋಗ್ತೀನ್ರಿ."

ಹೊರಡುವ ದಿನ ಬೆಳಿಗ್ಗೆ ನನ್ನ ಟ್ರಂಕು ಬಾಗಿಲಲ್ಲಿತ್ತು. ಅತ್ತೆ ಒಲೆಯ ಮುಂದೆ ಕೂತರು. ನಾನಿನ್ನೂ ಹೇಳುತ್ತಿರುವಾಗಲೇ, ರೊಟ್ಟಿಯ ಹಿಟ್ಟಿಗೆ ಎಸರು ಸುರಿಯುವ ಹಾಗೆ, ಕುದಿಯುವ ಹಾಲನ್ನೆಲ್ಲ ಒಮ್ಮೆಲೇ ಮೈದಾಕ್ಕೆ ಸುರಿದುಬಿಟ್ಟರು. ಬರೀ ಗಂಟು. ಮಾವ ಒಂದು ತುತ್ತು ತಿಂದು ತಾಟು ಸರಿಸಿದರು.

"ಕೈಗೆ ರೊಟ್ಟಿ ಎಸರಿನ ರೂಢಿ, ಏನ್ ಮಾಡ್ಲೆವಾ," ಎಂದರು ಅತ್ತೆ.

ಮಾವ ನನ್ನ ಮುಖ ನೋಡಲಿಲ್ಲ. "ಮುಂದಿನ ವರ್ಷ ಕುಂತರಾತು. ಪರೀಕ್ಷಾ ಎಲ್ಲಿ ಓಡಿ ಹೋಗತೈತಿ?"

ಬಸ್ಸು ಹೋದ ಸದ್ದನ್ನು ಒಳಗೇ ಕೂತು ಕೇಳಿದೆ. ಸಿಟ್ಟಿಗೆ ಅಳುವೂ ಬರಲಿಲ್ಲ. ಆದರೂ ಅತ್ತೆಯನ್ನು ದೂರಲಾಗಲಿಲ್ಲ. ವಯಸ್ಸಾದ ಕೈ, ಕಾಣದ ಅಡುಗೆ, ಪಾಪ ಎನಿಸಿತು.

ಮರುದಿನ ಹೊಲದ ಆಳುಗಳಿಗೆ ಅಂಬಲಿ ಮಾಡಲು ಅತ್ತೆಯೇ ಕೂತರು. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಒಂದು ಕೈಯಿಂದ ಕುದಿನೀರಿಗೆ ಸಣ್ಣಗೆ ಬಿಡುತ್ತ, ಇನ್ನೊಂದು ಕೈಯಿಂದ ತಿರುವುತ್ತಿದ್ದರು. ಪಾತ್ರೆಯ ಕಡೆ ನೋಡದೆ, ನನ್ನೊಡನೆ ಮಾತಾಡುತ್ತಲೇ. ಅಷ್ಟು ದೊಡ್ಡ ಪಾತ್ರೆಯಲ್ಲಿ ಒಂದೇ ಒಂದು ಗಂಟಿರಲಿಲ್ಲ.