ಉಪ್ಪುನೀರಲ್ಲಿ ನಿಂತ ಪೈರು

ಹಿರೇಗುತ್ತಿಯಲ್ಲಿ ನಮ್ಮ ಹಿನ್ನೀರಿನ ಗದ್ದೆಯ ಒಂದು ಮೂಲೆಯನ್ನು ಭತ್ತದ ತಳಿ ಸಂಶೋಧಕಿಯೊಬ್ಬರು ಪ್ರಯೋಗಕ್ಕೆ ಪಡೆದಿದ್ದರು. ನಾಡಿ ನೋಡುವವರಂತೆ ಎಲೆ ಹಿಡಿದು, "ಇದಕ್ಕೆ ಎಲ್ಲಾ ಕೇಳ್ತದೆ" ಅನ್ನುವರು. ಉಪ್ಪು ತಾಗಿದಾಗ ಗಿಡದೊಳಗೆ ಒಂದು ಹಾರ್ಮೋನು ಕೂಗಿ ಎಚ್ಚರಿಸುತ್ತದಂತೆ. ಆ ಕೂಗನ್ನು ಜೋರಾಗಿಸುವ ಜೀನನ್ನು ಅವರು ತಳಿ ಕೂಡಿಸಿ ತಮ್ಮ ಸಸಿಗಳಿಗೆ ತಂದಿದ್ದರು.

ಆ ಮಳೆಗಾಲ ಒಡ್ಡು ಒಡೆದು ಉಪ್ಪುನೀರು ನುಗ್ಗಿತು. ನಮ್ಮ ಪೈರು ಕೆಂಪಾಗಿ ಮಲಗಿತು. ಅವರದು ಮಾತ್ರ ಕಡುಹಸಿರಾಗಿ ನೆಟ್ಟಗೆ ನಿಂತಿತು.

"ಮುಂದಿನ ವರ್ಷಕ್ಕೆ ನಮಗೂ ಇದರ ಬೀಜ ಕೊಡಿ" ಎಂದಳು ಅಮ್ಮ.

"ಈಗ ಬ್ಯಾಡ. ಒಂದ್ಸಲ ರೋಗ ಬರ್ಲಿ, ಆಮೇಲೆ ನೋಡ್ವ" ಎಂದರು ಅವರು.

ನೀರಿಳಿದ ಮೇಲೆ ಬೆಂಕಿರೋಗ ಬಂತು. ಎಲೆಎಲೆಯ ಮೇಲೂ ಕಣ್ಣಿನಂಥ ಕಲೆಗಳು ತೆರೆದುಕೊಂಡವು. ಗದ್ದೆಯೇ ನಮ್ಮನ್ನು ನೋಡುತ್ತಿರುವಂತಿತ್ತು. ಅವರ ಪೈರು ಬಾಗಲೇ ಇಲ್ಲ. ನಿಂತಲ್ಲೇ ಬೂದಿಬಣ್ಣಕ್ಕೆ ತಿರುಗಿತು. ಒಂದು ಕಪ್ಪೆಯ ಸದ್ದೂ ಇಲ್ಲದ ಮಧ್ಯಾಹ್ನ ಅವರು ಬದುವಿನ ಮೇಲೆ ನಿಂತೇ ಇದ್ದರು.

"ಎಂತ ಆತು?" ಎಂದೆ.

"ಉಪ್ಪಿನ ಕೂಗು ಜೋರಾದ್ರೆ ರೋಗದ್ದು ಕೇಳೂದಿಲ್ಲ. ಸಾಯೂತನಕ ಇದು ಉಪ್ಪಿನ ದಾರಿಯನ್ನೇ ಕಾಯ್ತಾ ನಿಂತಿತ್ತು."

ಅಷ್ಟನ್ನೂ ಅವರೊಬ್ಬರೇ ಕಿತ್ತು ರಾಶಿ ಹಾಕಿದರು. ಬೆಂಕಿ ಹಚ್ಚುವ ಮೊದಲು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.