ಎದುರು ತಂಡದ ಕೋಡುಬಳೆ

ಆಫ್‌ಸೈಡ್ ಎಂದರೇನು ಎಂಬುದನ್ನು ನನಗೆ ಈವರೆಗೆ ನಾಲ್ಕು ಜನ ವಿವರಿಸಿದ್ದಾರೆ. ನಾಲ್ಕು ಸಲವೂ ತಲೆಯಾಡಿಸಿದ್ದೇನೆ, ಒಂದು ಸಲವೂ ಅರ್ಥವಾಗಿಲ್ಲ. ಇಂಥ ನನ್ನನ್ನು ಒಂದು ಕಾಲೇಜು ಫುಟ್‌ಬಾಲ್ ತಂಡ ತನ್ನ ಗೂಢಚಾರನನ್ನಾಗಿ ಕಳಿಸಿತು ಎಂದರೆ ಆ ತಂಡದ ಸ್ಥಿತಿ ಎಲ್ಲಿಗೆ ಬಂದಿತ್ತೆಂದು ನೀವೇ ಊಹಿಸಬಹುದು.

ತಳಕ್ಕೆ ಬಂದಿತ್ತು. ನನ್ನ ಮಗಳು ಶ್ರಾವ್ಯ ಓದುವ ಕಾಲೇಜಿನ ಹುಡುಗಿಯರ ತಂಡ ಅದು. ಕಳೆದ ಶರತ್ಕಾಲದಿಂದ ಆಡಿದ ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು, ಅದೂ ಎದುರಿನವರ ಬಸ್ಸು ಕೆಟ್ಟು ಅವರು ಬಾರದೇ ಹೋದ ದಿನ. ಇನ್ನೊಂದು ಪಂದ್ಯ ಮಾತ್ರ ಉಳಿದಿತ್ತು. ಅದರಲ್ಲಿ ಕನಿಷ್ಠ ಸಮ ಮಾಡಿಕೊಳ್ಳದಿದ್ದರೆ ಕೆಳಗಿನ ವರ್ಗಕ್ಕೆ ಇಳಿಯಬೇಕು. ಇಳಿದರೆ ಕಾಲೇಜಿನವರು ತಂಡವನ್ನೇ ಮುಚ್ಚುತ್ತೇವೆ ಎಂದು ಮೊದಲೇ ಹೇಳಿದ್ದರು. ಈ ಡಚ್ಚರ ದೇಶದಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಬೆಲ್ಲ ಹಚ್ಚಿ ಕೊಡುವುದಿಲ್ಲ.

ಮುಚ್ಚಿದರೆ ಮುಚ್ಚಲಿ ಎಂದು ನಾನು ಅನ್ನಬಹುದಿತ್ತು. ಆದರೆ ಶ್ರಾವ್ಯ ಕಾಲೇಜು ಸೇರಿದ ಮೊದಲ ಮೂರು ತಿಂಗಳು ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕೇ ಹೊರಗೆ ಬರುತ್ತಿದ್ದುದು. ಆಮ್ಸ್ಟೆಲ್‌ವೀನಿನ ಶಾಲೆಯ ಗೆಳತಿಯರೆಲ್ಲ ಬೇರೆ ಬೇರೆ ಊರಿಗೆ ಓದಲು ಹೋಗಿದ್ದರು. ಈ ತಂಡಕ್ಕೆ ಸೇರಿದ ಮೇಲೆಯೇ ಅವಳ ಫೋನು ಮತ್ತೆ ಟಿಣ್ ಟಿಣ್ ಅನ್ನಲು ಶುರುವಾದದ್ದು. ಸೋತು ಬಂದು ಮಂಡಿಗೆ ಐಸ್ ಇಟ್ಟುಕೊಂಡು, ಗೆಳತಿಯರ ಜೊತೆ ಡಚ್ಚಿನಲ್ಲಿ ಹರಟುತ್ತಾ ಬಿದ್ದು ಬಿದ್ದು ನಗುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಸೋಲಿನಲ್ಲಿ ಇಷ್ಟು ನಗು ಇರುವುದಾದರೆ ಸೋಲುತ್ತಲೇ ಇರಲಿ ಎಂದುಕೊಂಡದ್ದೂ ಉಂಟು.

ತಂಡದ ಕೋಚ್ ಮಾರ್ಲೀಸ್ ಐವತ್ತು ದಾಟಿದ, ಎತ್ತರದ, ನೇರ ಮಾತಿನ ಹೆಂಗಸು. ಅವಳು ಒಂದು ದಿನ ಮೈದಾನದಂಚಿನಲ್ಲಿ ನನ್ನನ್ನು ಹಿಡಿದು ಕೇಳಿದಳು, "ನೀವು ಕೆಲಸ ಏನು ಮಾಡುತ್ತೀರಿ?"

ಹೂಫ್‌ಡಾರ್ಪಿನ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಎಂದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಎಂದು ಬಿಡಿಸಿಯೂ ಹೇಳಿದೆ.

"ಒಳ್ಳೆಯದಾಯಿತು. ಮುಂದಿನ ಎದುರಾಳಿಗಳು ಶನಿವಾರ ಬಾಡ್‌ಹೂವೆಡಾರ್ಪಿನಲ್ಲಿ ಆಡುತ್ತಿದ್ದಾರೆ. ಹೋಗಿ ಅವರಲ್ಲಿ ಏನು ತಪ್ಪಿದೆ ಎಂದು ನೋಡಿ ಬನ್ನಿ."

ಆಗುವುದಿಲ್ಲ ಎನ್ನಲು ನಾನು ಶಬ್ದ ಹುಡುಕುತ್ತಿರುವಾಗಲೇ ಅವಳು ಧನ್ಯವಾದ ಹೇಳಿ ಹೊರಟುಹೋಗಿದ್ದಳು.

ಹೀಗೆ ಕದ್ದು ನೋಡಿ ಬರುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಹಿಂದೆ ರಾಜರು ಸನ್ಯಾಸಿ ವೇಷದಲ್ಲೋ ಬಳೆಗಾರನ ವೇಷದಲ್ಲೋ ಚಾರರನ್ನು ಅಟ್ಟುತ್ತಿದ್ದರಂತೆ. ಅಷ್ಟು ದೂರ ಯಾಕೆ, ಉಡುಪಿಯಲ್ಲಿ ನನ್ನ ದೊಡ್ಡಪ್ಪ ಇದರಲ್ಲಿ ಎತ್ತಿದ ಕೈ. ಯಾರ ಮನೆಗೆ ಹುಡುಗಿಯನ್ನು ಕೊಡುವ ಮಾತು ಬಂದರೂ ಮೊದಲು ಅವರನ್ನು ಕಳಿಸುತ್ತಿದ್ದರು. ಅವರು ಹುಡುಗನ ಪಕ್ಕದ ಮನೆಗೆ ಹೋಗಿ, ಕರು ಮಾರುವುದಿದೆಯೇ ಎಂದು ಕೇಳಿ, ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು ಏಳುವ ಹೊತ್ತಿಗೆ ಹುಡುಗ ಕುಡಿಯುತ್ತಾನೋ, ತಾಯಿ ಜೋರೋ, ಎಲ್ಲ ಸಂಗ್ರಹವಾಗಿರುತ್ತಿತ್ತು. ಅವರು ಒಂದು ಕರುವನ್ನೂ ಕೊಂಡದ್ದು ನಾನು ಕಾಣೆ. ಅವರ ರಕ್ತ ನನ್ನಲ್ಲೂ ಸ್ವಲ್ಪ ಇದ್ದೀತು ಎಂಬ ಧೈರ್ಯದ ಮೇಲೆ ಶನಿವಾರ ಸೈಕಲ್ ಹತ್ತಿದೆ.

ಏಪ್ರಿಲ್ ಆದರೂ ಚಳಿಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಮೈದಾನದ ಮೇಲೆ ಎರಡೆರಡು ನಿಮಿಷಕ್ಕೊಂದು ವಿಮಾನ ಚಕ್ರ ಬಿಟ್ಟುಕೊಂಡು ಪಕ್ಕದ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿತ್ತು. ನೋಟ್‌ಬುಕ್ ತೆರೆದು, ಎಡಗಡೆ 'ತಪ್ಪು' ಎಂದೂ ಬಲಗಡೆ 'ಸರಿ' ಎಂದೂ ಬರೆದು ಗೆರೆ ಎಳೆದೆ. ಅರ್ಧ ಗಂಟೆಯಲ್ಲಿ ಬಲಗಡೆ ಜಾಗ ಸಾಲದೆ ಎಡಗಡೆಗೂ ಬರೆಯಬೇಕಾಯಿತು. ಆ ಹುಡುಗಿಯರು ಚೆಂಡನ್ನು ಒಬ್ಬರಿಗೊಬ್ಬರು ಕೊಡುವುದು ಮದುವೆ ಊಟದಲ್ಲಿ ನುರಿತವರು ಬಡಿಸಿದ ಹಾಗಿತ್ತು, ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ, ಒಂದು ಹನಿಯೂ ಚೆಲ್ಲುವುದಿಲ್ಲ. ಅವರ ಒಂಬತ್ತನೇ ನಂಬರಿನವಳು ಓಡಿದರೆ ಹಿಂದೆ ಓಡುವವರು ನಿಂತಂತೆ ಕಾಣುತ್ತಿದ್ದರು. ನಮ್ಮ ತಂಡದಲ್ಲಿ ಅವಳನ್ನು ತಡೆಯಬೇಕಾದವಳು ನಾಲ್ಕನೇ ನಂಬರಿನ ಶ್ರಾವ್ಯ. ನೋಟ್‌ಬುಕ್ಕಿನಲ್ಲಿ ಒಂಬತ್ತರ ಕೆಳಗೆ ಎರಡು ಗೆರೆ ಎಳೆದೆ.

ಆಗಲೇ ಪಕ್ಕದಲ್ಲಿ ಯಾರೋ ಫೋನಿನಲ್ಲಿ ಹೇಳಿದ್ದು ಕೇಳಿಸಿತು, "ಆಮೇಲ್ ಮಾಡ್ತೀನಿ ಇರಮ್ಮ, ಆಟ ನಡೀತಿದೆ."

ದಪ್ಪ ಕೋಟು, ಉಣ್ಣೆ ಟೋಪಿ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಗೂಢಚಾರನಾದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಆ ಗಾಳಿಯಲ್ಲಿ, ಆ ನಿರಾಸೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರುವುದು ಹೇಗೆ?

"ಕನ್ನಡದವರಾ?" ಎಂದೆ.

ಅವರು ಮೈಸೂರಿನವರು, ಹೆಸರು ವೀಣಾ. ನಾನು ಕದ್ದು ನೋಡಲು ಬಂದ ತಂಡದ ಗೋಲ್‌ಕೀಪರ್ ನಿಧಿ ಅವರ ಮಗಳು. ಐದು ನಿಮಿಷದೊಳಗೆ ಡಬ್ಬಿಯ ಮುಚ್ಚಳ ತೆರೆದಿತ್ತು.

"ತಗೊಳ್ಳಿ ಸರ್, ಕೋಡುಬಳೆ. ಸಂಕೋಚ ಮಾಡ್ಕೋಬೇಡಿ. ಇಲ್ಲಿ ಇವ್ರಿಗೆ ಕೊಟ್ರೆ ಒಂದ್ ಚೂರು ಮುರ್ಕೊಂಡು ವಾಪಸ್ ಇಡ್ತಾರೆ. ನೀವೇನು, ಆಟ ನೋಡಕ್ಕೆ ಬಂದ್ರಾ?"

"ಹೌದು, ಸುಮ್ಮನೆ ಸೈಕಲಲ್ಲಿ ಈ ಕಡೆ ಬಂದಿದ್ದೆ," ಎಂದೆ. ನೋಟ್‌ಬುಕ್ ಆಗಲೇ ಜೇಬಿಗೆ ಹೋಗಿತ್ತು. ಕೋಡುಬಳೆ ಗರಿಗರಿಯಾಗಿತ್ತು. ನಾಲ್ಕು ತಿಂದೆ.

ಅವರಿಗೆ ಮಾತಾಡಲು ಜನ ಬೇಕಿತ್ತು. ಚಳಿಗಾಲದಲ್ಲಿ ನಿಧಿ ಎಡಗಡೆಗೆ ಹಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳಂತೆ. ಎರಡು ತಿಂಗಳು ಬ್ಯಾಂಡೇಜು. "ಮೂಳೆ ಕೂಡ್ಕೊಂಡಿದೆ ಸರ್, ಭಯ ಹೋಗಿಲ್ಲ. ಈಗ್ಲೂ ಎಡಗಡೆ ಚೆಂಡು ಬಂದ್ರೆ ಒಂದ್ ಕ್ಷಣ ನಿಂತ್ಬಿಡ್ತಾಳೆ. ಹಾರಲ್ಲ. ಇವ್ರ ಕೋಚ್‌ಗೂ ಹೇಳಿಲ್ಲ, ತಂಡದಿಂದ ತೆಗೀತಾರೆ ಅಂತ. ನನ್ ಹತ್ರ ಮಾತ್ರ ಹೇಳ್ಕೊಂಡು ಅಳ್ತಾಳೆ." ಅಷ್ಟು ಹೇಳಿ ಕಣ್ಣೊರೆಸಿಕೊಂಡು, "ಯಾಕೋ ನಿಮ್ಗೆ ಹೇಳ್ಬೇಕು ಅನ್ನಿಸ್ತು. ನಮ್ಮವ್ರು ಅಂತ," ಎಂದರು.

ನನ್ನ ದೊಡ್ಡಪ್ಪನಾಗಿದ್ದರೆ ಇಂಥ ಗಳಿಗೆಯಲ್ಲಿ ಏನು ಮಾಡುತ್ತಿದ್ದರು ಎಂದು ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಅವರು ತಂದ ಸುದ್ದಿಯಿಂದ ಮುರಿದ ಸಂಬಂಧಗಳೆಷ್ಟೋ. ಮಜ್ಜಿಗೆ ಕೊಟ್ಟ ಪಕ್ಕದ ಮನೆಯವರ ಮುಖವನ್ನು ಅವರು ಮತ್ತೆ ಹೇಗೆ ನೋಡುತ್ತಿದ್ದರೋ, ಕೇಳಬೇಕೆಂದು ಆಗ ನನಗೆ ಹೊಳೆದಿರಲಿಲ್ಲ. ಮನೆಯಲ್ಲಿ ಹೆಂಡತಿ ಸುಜಾತಾಳಿಗೆ ಎಲ್ಲ ಹೇಳಿದೆ.

"ಹೇಳ್ಬೇಡಿ ರೀ," ಎಂದಳು. ಸ್ವಲ್ಪ ಹೊತ್ತು ಪಾತ್ರೆ ಉಜ್ಜಿ, "ಆದ್ರೆ ಶ್ರಾವ್ಯಂಗೆ ಆ ಟೀಮ್ ಬಿಟ್ರೆ ಏನಿದೆ," ಎಂದಳು. ಆಮೇಲೆ ನಲ್ಲಿ ನಿಲ್ಲಿಸಿ, "ನನ್ನ ಕೇಳ್ಬೇಡಿ," ಎಂದು ಹೊರಟುಹೋದಳು.

ಕೊನೆಗೆ ನಾನು ಬರೆದ ವರದಿಯಲ್ಲಿ ಆ ವಿಷಯವೊಂದನ್ನು ಬಿಟ್ಟು ಬೇರೆಲ್ಲ ಇತ್ತು. ಅವರ ಓಟ, ಅವರ ಹೊಂದಾಣಿಕೆ, ಒಂಬತ್ತನೇ ನಂಬರು. ಮಾರ್ಲೀಸ್ ನಿಂತಲ್ಲೇ ಓದಿ ಮಡಿಸಿ ಕೊಟ್ಟಳು. "ಇದು ವರದಿಯಲ್ಲ, ಸಂತಾಪ ಸೂಚಕ ಪತ್ರ. ತಪ್ಪು ಒಂದೂ ಸಿಗಲಿಲ್ಲವೇ?"

"ಸಿಗಲಿಲ್ಲ," ಎಂದೆ. ಇಪ್ಪತ್ತು ವರ್ಷದ ವೃತ್ತಿಜೀವನದಲ್ಲಿ ಕಂಡ ದೋಷವನ್ನು ಮುಚ್ಚಿಟ್ಟದ್ದು ಅದೇ ಮೊದಲು.

ಪಂದ್ಯದ ದಿನ ನಮ್ಮ ಮೈದಾನಕ್ಕೆ ಅವರು ಬಂದರು. ವೀಣಾ ದೂರದಿಂದಲೇ ನನ್ನನ್ನು ಕಂಡು ಕೈಯೆತ್ತಿದರು. ನಾನು ನಿಂತದ್ದು ನಮ್ಮ ತಂಡದ ಅಪ್ಪ ಅಮ್ಮಂದಿರ ಸಾಲಿನಲ್ಲಿ, ಕೊರಳಲ್ಲಿ ನಮ್ಮ ಬಣ್ಣದ ಶಾಲು. ಅವರ ಕೈ ನಿಧಾನವಾಗಿ ಇಳಿಯಿತು. ಅವರು ಎದುರು ಬದಿಗೆ ಹೋಗಿ ನಿಂತರು.

ನಮ್ಮ ಹುಡುಗಿಯರು ಆ ದಿನ ಎಲ್ಲಿಂದ ಆ ಶಕ್ತಿ ತಂದರೋ ತಿಳಿಯದು. ಶ್ರಾವ್ಯ ಒಂಬತ್ತನೇ ನಂಬರಿನವಳ ನೆರಳಿನಂತೆ ಓಡಿದಳು, ಬಿದ್ದಳು, ಎದ್ದಳು. ಆದರೂ ಮಧ್ಯಂತರಕ್ಕೆ ಮುಂಚೆ ನಮ್ಮ ಮೇಲೆ ಒಂದು ಗೋಲು ಬಿತ್ತು. ಅಲ್ಲಿಂದ ಮುಂದೆ ಎರಡೂ ಕಡೆ ಗೋಲಾಗಲಿಲ್ಲ. ಕೊನೆಗೆ ಎರಡೋ ಮೂರೋ ನಿಮಿಷ ಇರುವಾಗ ನಮ್ಮ ಹುಡುಗಿಯೊಬ್ಬಳನ್ನು ಅವರು ಗೋಲಿನ ಎದುರೇ ಕೆಡವಿದರು. ಪೆನಾಲ್ಟಿ ಸಿಕ್ಕಿತು, ಗೋಲಾದರೆ ಸಮ. ಬಿದ್ದವಳೇ ಯಾವಾಗಲೂ ಪೆನಾಲ್ಟಿ ಒದೆಯುವವಳು, ಅವಳು ಕುಂಟುತ್ತಿದ್ದಳು. ಮಾರ್ಲೀಸ್ ಏನೋ ಕೂಗಿದಳು. ಚೆಂಡನ್ನು ಎತ್ತಿಕೊಂಡು ಮುಂದೆ ಬಂದದ್ದು ನಾಲ್ಕನೇ ನಂಬರು.

ಗೋಲಿನಲ್ಲಿ ನಿಧಿ ಕೈಗವಸು ತಟ್ಟಿಕೊಂಡಳು. ನನ್ನಿಂದ ಮಗಳಿಗೆ ಮೂವತ್ತು ಹೆಜ್ಜೆ. ಕನ್ನಡದಲ್ಲಿ 'ಅವಳ ಎಡಕ್ಕೆ' ಎಂದು ಎರಡು ಶಬ್ದ ಕೂಗಿದ್ದರೆ ಇಡೀ ಮೈದಾನದಲ್ಲಿ ಅರ್ಥವಾಗುತ್ತಿದ್ದುದು ಆ ಕಡೆಯ ತಾಯಿ ಮಗಳು, ಈ ಕಡೆಯ ಅಪ್ಪ ಮಗಳು, ಹೀಗೆ ನಾಲ್ಕು ಜನಕ್ಕೆ ಮಾತ್ರ. ಆ ನಾಲ್ವರಲ್ಲಿ ಒಬ್ಬರು ಎದುರು ಬದಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಕೂಗಲಿಲ್ಲ.

ಶ್ರಾವ್ಯ ಚೆಂಡನ್ನು ಕೀಪರಿನ ಬಲಕ್ಕೆ ಒದ್ದಳು. ನಿಧಿ ಸಲೀಸಾಗಿ ಹಾರಿ ಹಿಡಿದಳು.

ಮುಗಿದ ಮೇಲೆ ಮಾರ್ಲೀಸ್ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು, ಮುಂದಿನ ವರ್ಷ ತಂಡ ಇರುವುದಿಲ್ಲ ಎಂದು ಅಲ್ಲೇ ಹೇಳಿದಳು. ಹೇಳುವಾಗ ಆ ನೇರ ಮಾತಿನವಳ ದನಿ ಎರಡು ಸಲ ನಿಂತಿತು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಅಳುವ ಹುಡುಗಿಯರ ನಡುವೆ ನನ್ನ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು.

ವೀಣಾ ಮೈದಾನ ದಾಟಿ ಬಂದರು. "ಪೆನಾಲ್ಟಿ ಹೊಡೆದಿದ್ದು ನಿಮ್ ಮಗಳಾ?"

"ಹೌದು."

"ಅವತ್ತು ನಾನ್ ಹೇಳಿದ್ದು ಅವಳಿಗೆ ಹೇಳ್ಲಿಲ್ವಾ?"

"ಇಲ್ಲ. ನೀವು ನಂಬಿ ಹೇಳಿದ್ದಲ್ವಾ."

ಧನ್ಯವಾದ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ, ಸುಳ್ಳೇಕೆ. "ಸುಳ್ಳು ಹೇಳಲ್ಲ ಸರ್," ಎಂದರು ಅವರೂ. "ನಿಮ್ ಜಾಗದಲ್ಲಿ ನಾನಿದ್ದಿದ್ರೆ ಹೇಳ್ಬಿಡ್ತಿದ್ದೆ. ನಮ್ ಮಗು ಅಲ್ವಾ." ಅಷ್ಟು ಹೇಳಿ ನನ್ನ ತೋಳನ್ನು ಮೆಲ್ಲಗೆ ತಟ್ಟಿ ತಮ್ಮ ಮಗಳ ಕಡೆಗೆ ನಡೆದರು.

ಒಳ್ಳೆಯತನಕ್ಕೆ ಇದಕ್ಕಿಂತ ಬರಡಾದ ಪ್ರಶಸ್ತಿ ಇನ್ನೊಂದು ಇರಲಾರದು. ಟ್ರಾಮಿನಲ್ಲಿ ಮಗಳ ಪಕ್ಕ ಕೂತೆ. ಅವಳು ಕಿಟಕಿಗೆ ತಲೆಯಾನಿಸಿದ್ದಳು. ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಬಾಡ್‌ಹೂವೆಡಾರ್ಪು, ಕೋಡುಬಳೆ, ಮುರಿದ ಮಣಿಕಟ್ಟು, ಎಲ್ಲ ಹೇಳಿದೆ. "ನಾನು ಹೇಳಿದ್ರೆ ನಿನ್ನ ಟೀಮ್ ಉಳೀತಿತ್ತು ಮಗಾ. ನನ್ನಿಂದ ಹೋಯ್ತು."

ಅವಳು ತಿರುಗಿ ನೋಡಿದಳು. ಸಿಟ್ಟು ಬರುತ್ತದೆಂದು ತಯಾರಾಗಿದ್ದೆ. ಅವಳ ಮುಖದಲ್ಲಿದ್ದದ್ದು ಆಶ್ಚರ್ಯ.

"ಅಪ್ಪಾ, ನಂಗೆ ಆ ಒಂದೇ ಸೈಡ್ ಹೊಡೆಯಕ್ ಬರೋದು."

"ಎಂತದು?"

"ಇನ್ನೊಂದ್ ಸೈಡ್ ಟ್ರೈ ಮಾಡಿದ್ರೆ ಬಾಲ್ ಸೀದಾ ಪಾರ್ಕಿಂಗ್‌ಗೆ ಹೋಗತ್ತೆ. ನೀವು ಹೇಳಿದ್ರೂ ನಾನ್ ಅಲ್ಲೇ ಹೊಡೀತಿದ್ದೆ. ಹೋಲ್ ಟೀಮ್‌ಗೆ ಗೊತ್ತು. ಮಾರ್ಲೀಸ್‌ಗೆ ಗೊತ್ತು. ಆ ಕೀಪರ್‌ಗೂ ಗೊತ್ತಿತ್ತು ಅನ್ಸತ್ತೆ, ಅವರ ಕಡೆಯೋರು ಯಾರೋ ಬಂದು ನಮ್ಮ ಮ್ಯಾಚ್ ನೋಡಿದ್ರು." ಆಮೇಲೆ ಕೇಳಿದಳು, "ನಿಮ್ಗೆ ಗೊತ್ತಿರ್ಲಿಲ್ವಾ? ಎಲ್ಲಾ ಮ್ಯಾಚ್‌ಗೂ ಬರ್ತಿದ್ರಲ್ಲ?"

ಬರುತ್ತಿದ್ದೆ. ಗಡಿಯಾರಕ್ಕೆ ಸರಿಯಾಗಿ ಬರುತ್ತಿದ್ದೆ. ಬಂದು, ಕಾಫಿ ಲೋಟ ಹಿಡಿದು, ಕಚೇರಿಯ ಸಂದೇಶಗಳಿಗೆ ಉತ್ತರ ಕೊಡುತ್ತಾ, ಎಲ್ಲರೂ ಕೂಗಿದಾಗ ತಲೆಯೆತ್ತಿ ಕೂಗುತ್ತಾ ಒಂದು ವರ್ಷ ನಿಂತಿದ್ದೆ. ಎದುರು ತಂಡದವರನ್ನು ನೋಡಲು ನೋಟ್‌ಬುಕ್ ಹಿಡಿದು ಹೋದವನು ನಾನು. ಆಚೆ ಬದಿಯಲ್ಲಿ ಒಬ್ಬ ತಾಯಿಗೆ ಮಗಳು ಯಾವ ಕಡೆಗೆ ಹಾರಲು ಹೆದರುತ್ತಾಳೆ ಎಂದು ಗೊತ್ತಿತ್ತು. ಈಚೆ ಬದಿಯ ಅಪ್ಪನಿಗೆ ಮಗಳ ಜರ್ಸಿ ನಂಬರು ಗೊತ್ತಿತ್ತು.

"ಗೊತ್ತಿರ್ಲಿಲ್ಲ," ಎಂದೆ. "ಇನ್ನೂ ಎಂತೆಲ್ಲ ಗೊತ್ತಿಲ್ಲ ನಂಗೆ?"

ಅವಳು ಬೆರಳು ಮಡಿಸಲು ಶುರುಮಾಡಿದಳು, ಕಣ್ಣಂಚು ಇನ್ನೂ ಒದ್ದೆಯಿತ್ತು. "ಒಂದು, ಮ್ಯಾಚ್ ದಿನ ಬೆಳಿಗ್ಗೆ ನೀವು ಮಾಡ್ಕೊಡೋ ಅವಲಕ್ಕಿ ನಂಗೆ ಇಷ್ಟ ಇಲ್ಲ. ಬ್ಯಾಗಲ್ಲಿ ಇಟ್ಕೊಂಡ್ ಹೋಗಿ ನಮ್ ಟೀಮಿನ ಲಿಸಾಗೆ ಕೊಡ್ತೀನಿ, ಅವಳಿಗೆ ಇಷ್ಟ. ಎರಡು..."

ಮೊದಲನೆಯದೇ ನನಗೆ ಗೋಲಿಗಿಂತ ಜೋರಾಗಿ ತಾಗಿತು. ಆದರೂ ಅಡ್ಡ ಬಾಯಿ ಹಾಕಲಿಲ್ಲ. ಟ್ರಾಮು ನಮ್ಮ ನಿಲ್ದಾಣದಲ್ಲಿ ನಿಂತು ಬಾಗಿಲು ತೆರೆಯಿತು, ಮುಚ್ಚಿಕೊಂಡಿತು. ಇಬ್ಬರೂ ಏಳಲಿಲ್ಲ. ಅವಳು ಆಗಿನ್ನೂ ಮೂರನೆಯ ಬೆರಳಿನಲ್ಲಿದ್ದಳು.