ಲಕ್ಷ್ಮವ್ವನ ಕೊರಿಯಾ ಪಚಡಿ

ಲಕ್ಷ್ಮವ್ವ ಓದಲು ಕಲಿತದ್ದು ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ. ಮುಂಬಯಿಯ ಜೋಗೇಶ್ವರಿಯ ನಮ್ಮ ಕನ್ನಡ ಶಾಲೆಯಲ್ಲಿ ಆಕೆ ಕಸ ಗುಡಿಸಿ, ನೀರು ತುಂಬಿಸಿ, ಚಿಕ್ಕ ಮಕ್ಕಳ ಮೂಗು ಒರೆಸುವ ಆಯಾ ಆಗಿದ್ದಳು. ನಾನು ಅಲ್ಲಿ ಐದನೆಯ ತರಗತಿಯ ಮಾಸ್ತರನಾಗಿದ್ದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬೋರ್ಡು ಒರೆಸುವ ಮೊದಲು ಆಕೆ ಸ್ವಲ್ಪ ಹೊತ್ತು ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಒಂದು ದಿನ ಕೇಳಿಯೇ ಬಿಟ್ಟಳು.

“ಮಾಸ್ತರ್ರ, ಏನ್ ಬರದೀರಿ ಅಂತ ಗೊತ್ತಿಲ್ದ ಒರಸೂದು ಪಾಪ ಅನಸ್ತದ್ರಿ.”

ಅಂದಿನಿಂದ ದಿನಕ್ಕೆ ಎರಡು ಅಕ್ಷರದಂತೆ ಹೇಳಿಕೊಟ್ಟೆ. ವರ್ಷ ತುಂಬುವುದರೊಳಗೆ, ದೊಡ್ಡದಾಗಿ ಬರೆದರೆ ಓದುವಷ್ಟಾದಳು. ಒತ್ತಕ್ಷರ ಬಂದಲ್ಲಿ ಮಾತ್ರ ಇಂದಿಗೂ ನಿಲ್ಲುತ್ತಾಳೆ; ಮೆಟ್ಟಿಲ ಮೇಲೆ ಎರಡೂ ಕಾಲನ್ನು ಊರಿ ಮುಂದಿನದನ್ನು ಹತ್ತುವವರಂತೆ ಅದನ್ನು ದಾಟಿ ಹೋಗುತ್ತಾಳೆ.

ಆಕೆಯ ಊರು ವಿಜಯಪುರದ ಕಡೆಯ ಇಂಡಿ ತಾಲೂಕಿನದು. ಗಂಡ ಶರಣಬಸಪ್ಪನೊಂದಿಗೆ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವಳು. ಪವಾಯಿ ಕೆರೆಯ ಬದಿಯ ಎತ್ತರದ ಬಿಲ್ಡಿಂಗುಗಳಲ್ಲಿ ಮೂರಕ್ಕಾದರೂ ಆಕೆ ಪುಟ್ಟಿ ಹೊತ್ತಿದ್ದಾಳೆ. ಗಂಡ ತೀರಿಕೊಂಡ ಬಳಿಕ ಶಾಲೆಯ ಕೆಲಸ ಹಿಡಿದು, ಒಬ್ಬನೇ ಮಗ ಶೇಖರನನ್ನು ಬೆಳೆಸಿದಳು. ಶೇಖರ ನನ್ನ ವಿದ್ಯಾರ್ಥಿ. ಐದನೆಯ ತರಗತಿಯ ನಂತರ ಹಿಂದಿ ಶಾಲೆಗೆ ಹೋದ. ಈಗ ಲಿಫ್ಟ್ ದುರಸ್ತಿ ಮಾಡುತ್ತಾನೆ. ಕನ್ನಡ ಮಾತಾಡುತ್ತಾನೆ, ಬರೆ ಎಂದರೆ ಬೆವರುತ್ತಾನೆ.

ನಾಲ್ಕು ವರ್ಷಗಳ ಹಿಂದೆ ಶೇಖರನು ಪವಾಯಿಯ ಆಫೀಸೊಂದರಲ್ಲಿ ಕೆಲಸ ಮಾಡುವ ರಂಜನಾ ಎಂಬ ಮರಾಠಿ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ತಾಯಿಗೆ ತಿಳಿಸಿದ್ದು ಮದುವೆಯಾದ ಮೇಲೆ. ಲಕ್ಷ್ಮವ್ವ ಕೂಗಾಡಲಿಲ್ಲ. ನಮ್ಮ ಮನೆಗೆ ಬಂದು ಕುಳಿತು ಹೇಳಿದಳು: “ಮರಾಠಿ ಹುಡುಗಿ ಅಂತ ಸಿಟ್ಟಿಲ್ರಿ ನನಗ. ನಾಕ ಅಕ್ಕಿಕಾಳ ಹಾಕಾಕ ನನ್ನ ಕೈ ಇದ್ದಿಲ್ಲೇನ್ರಿ?”

ಮಗ ಸೊಸೆ ಮುಲುಂಡಿನಲ್ಲಿ ಮನೆ ಮಾಡಿದರು. ಲಕ್ಷ್ಮವ್ವ ಹಬ್ಬಕ್ಕೆ ಹೋಗಿ ಸಂಜೆಗೆ ಮರಳುತ್ತಿದ್ದಳು. ರಂಜನಾ ಒಳ್ಳೆಯ ಹುಡುಗಿಯೇ. ಅತ್ತೆಗೆ ನಮಸ್ಕಾರ ಮಾಡುವಳು, ಚಹಾ ಕೊಡುವಳು. ಆದರೆ ಅತ್ತೆ ಒಲೆಯ ಕಡೆಗೆ ಹೊರಟರೆ ಸಾಕು, “ತುಮ್ಹಿ ಬಸಾ ಆಯಿ” ಎಂದು ಸೋಫಾದ ಮೇಲೆ ಕೂರಿಸಿಬಿಡುವಳು. ಅದರಲ್ಲಿ ಮರ್ಯಾದೆಯಿತ್ತು. ಲಕ್ಷ್ಮವ್ವನಿಗೆ ಆ ಮರ್ಯಾದೆಯೇ ಭಾರವಾಗುತ್ತಿತ್ತು. “ಮಗನ ಮನಿಗೆ ಹೋದ್ರ ಬೀಗರ ಮನಿಗೆ ಹೋದಂಗ ಆಗ್ತದ್ರಿ” ಎನ್ನುವಳು.

ಹೀಗಿರುವಾಗ ರಂಜನಾ ಬಸುರಿಯಾದಳು. ಮೂರು ತಿಂಗಳಿಗೆ ನಿಲ್ಲಬೇಕಾದ ವಾಂತಿ ನಾಲ್ಕು ಕಳೆದರೂ ನಿಲ್ಲಲಿಲ್ಲ. ಒಗ್ಗರಣೆಯ ವಾಸನೆ ಬಂದರೆ ವಾಂತಿ, ಅನ್ನ ಕುದಿದರೆ ವಾಂತಿ. ಎರಡು ಸಲ ಗ್ಲೂಕೋಸ್ ಏರಿಸಿಕೊಂಡು ಬಂದದ್ದಾಯಿತು. ತೂಕ ಏರುವ ಬದಲು ಇಳಿಯಿತು. “ಈ ವಾರ ಹೊಟ್ಟೆಯಲ್ಲಿ ಏನಾದರೂ ಉಳಿಯಲೇಬೇಕು, ಇಲ್ಲವಾದರೆ ಆಸ್ಪತ್ರೆಗೆ ಸೇರಿಸಿಬಿಡಿ” ಎಂದು ಡಾಕ್ಟರು ಹೇಳಿದರು. ರಂಜನಾಳ ತಾಯಿ ಸೋಲಾಪುರದ ಕಡೆಯ ಮಂಗಳವೇಢೆಯಲ್ಲಿ, ಹಾಸಿಗೆ ಹಿಡಿದ ಗಂಡನ ಚಾಕರಿಯಲ್ಲಿದ್ದರು, ಬರುವಂತಿರಲಿಲ್ಲ. ಆಗ ಶೇಖರ ತಾಯಿಗೆ ಫೋನ್ ಮಾಡಿದ.

ಲಕ್ಷ್ಮವ್ವ ಹೋಗಿ ನೋಡಿದಾಗ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಕೈಯ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು.

ಲಕ್ಷ್ಮವ್ವ ಮಗನತ್ತ ತಿರುಗಿದಳು. “ಕೇಳೋ ಅಕಿನ್ನ, ಏನ್ ತಿನ್ನಬೇಕು ಅನಸ್ತದ? ಬಸುರಿ ಬಯಕಿ ತೀರಸಬೇಕಪಾ, ಇಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರ್ತಾವ.”

ಹುಣಸೆಕಾಯಿ, ಮಾವಿನಕಾಯಿ, ಬಹಳವೆಂದರೆ ಸುಟ್ಟ ಮಣ್ಣು ಎಂದು ಲಕ್ಷ್ಮವ್ವ ಎಣಿಸಿದ್ದಳು. ರಂಜನಾ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಕೊರಿಯನ್ ಕಾಕಡಿ.”

“ಏನು? ಕುರಿಯರ್ ಕಾಕಡಿ? ಪಾರ್ಸಲ್ ಬರ್ತದೇನೋ?”

ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಶೇಖರ ನಕ್ಕ. “ಕುರಿಯರ್ ಅಲ್ಲವ್ವಾ, ಕೊರಿಯಾ. ಅದೊಂದು ದೇಶ. ಅಲ್ಲಿ ಸೌತಿಕಾಯಿ ಖಾರಾ ಹಚ್ಚಿ ಹಸೀದ ತಿಂತಾರ. ಇಕಿ ಆಫೀಸಿನಾಗ ಗೆಳತಿ ಡಬ್ಬಿಯಾಗ ತಂದಿದ್ಲಂತ.”

“ಹಂಗಾರ ಹೊಟೇಲಿನಿಂದ ತರಸಬಾರದೇನೋ?”

“ತರಸಿದ್ನೆವ್ವಾ. ಮೀನಿನ ವಾಸನಿ ಇತ್ತು. ಮುಚ್ಚಳ ತಗದ ಕೂಡ್ಲೆ ಇಕಿ ಬಾತ್‌ರೂಮಿಗೆ ಓಡಿದ್ಲು.”

ಲಕ್ಷ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಾ ಮಾಡ್ತೀನಿ.”

“ನಿನಗೆಲ್ಲಿ ಬರ್ತದವ್ವಾ?”

“ಅದ್ರಾಗ ಸೌತಿಕಾಯಿ ಐತಿಲ್ಲೋ? ಸೌತಿಕಾಯಿ ನನ್ನ ಮಾತ ಕೇಳ್ತದ.”

ರಂಜನಾಳ ಮೊಬೈಲಿನಲ್ಲಿ ಮಾಡುವ ಕ್ರಮ ಇಂಗ್ಲಿಷಿನಲ್ಲಿತ್ತು. ಶೇಖರ ಅದನ್ನು ನನಗೆ ಕಳುಹಿಸಿ ಫೋನ್ ಮಾಡಿದ. “ಸರ್, ಅವ್ವ ನಿಮ್ಮಲ್ಲಿ ಬರ್ತಾಳ. ದೊಡ್ಡ ಅಕ್ಷರದಾಗ ಕನ್ನಡದಾಗ ಬರದ ಕೊಡ್ರಿ. ನಾ ಬರದ್ರ ಅಕಿ ಓದಂಗಿಲ್ಲ, ಬೈತಾಳ.” ಸಂಜೆ ಆಕೆ ಬರುವಷ್ಟರಲ್ಲಿ ನಾನು ಹಾಳೆಯ ತುಂಬ ಬರೆದಿಟ್ಟಿದ್ದೆ. ಸೌತೆಕಾಯಿಯನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚುವುದು. ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು, ಬಿಟ್ಟ ನೀರನ್ನು ಹಿಂಡಿ ಚೆಲ್ಲುವುದು. ಬೆಳ್ಳುಳ್ಳಿ, ಕೆಂಪು ಖಾರದ ಪುಡಿ, ಸೋಯಾ ಸಾಸ್, ವಿನೆಗರ್, ಸಕ್ಕರೆ, ಎಳ್ಳೆಣ್ಣೆ ಹಾಕಿ ಕಲಸುವುದು. ಕೊನೆಗೆ, ಹುರಿದ ಕಪ್ಪು ಎಳ್ಳನ್ನು ಉದುರಿಸುವುದು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಪ್ಪು ಎಳ್ಳು ಎಂದು ನಾನು ಬರೆಯಲಿಲ್ಲ. ಕರಿದಾದ ಮುಗಿಲು ಕಾರ್ಮುಗಿಲು ಎಂದು ಮೂವತ್ತು ವರ್ಷ ಮಕ್ಕಳಿಗೆ ಸಮಾಸ ಬಿಡಿಸಿ ಹೇಳಿದವನು ನಾನು. ಕರಿದಾದ ಎಳ್ಳು ಕಾರೆಳ್ಳು ಎಂದು ಹೆಮ್ಮೆಯಿಂದ ಬರೆದೆ. ನಾನು ಕುಂದಾಪುರದ ಕಡೆಯವನು. ವಿಜಯಪುರದವರ ಬಾಯಲ್ಲಿ ಕಾರೆಳ್ಳು ಎಂದರೆ ಎಳ್ಳೇ ಅಲ್ಲ, ಬೇರೆ ಕಡೆ ಹುಚ್ಚೆಳ್ಳು ಎನ್ನುವ ಬೇರೆಯೇ ಕಾಳು ಎಂಬುದು ಇಷ್ಟು ವರ್ಷ ಅವರ ನಡುವೆ ಇದ್ದೂ ನನಗೆ ತಿಳಿದಿರಲಿಲ್ಲ. ಅವರ ಮನೆಗಳಲ್ಲಿ ಅದನ್ನು ಹುರಿದು, ಬೆಳ್ಳುಳ್ಳಿ ಉಪ್ಪು ಖಾರದೊಂದಿಗೆ ಕುಟ್ಟಿ ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ.

ಲಕ್ಷ್ಮವ್ವ ನನ್ನೆದುರಿಗೇ ಬೆರಳಿಟ್ಟು ಓದಿದಳು. ‘ಳ್ಳು’ವಿನ ಬಳಿ ನಿಂತಳು, ಹತ್ತಿದಳು. ಮುಖ ಅರಳಿತು. “ಕಾರೆಳ್ಳ! ಕೊರಿಯಾದವರೂ ಕಾರೆಳ್ಳ ತಿಂತಾರೇನ್ರಿ? ಶಾಣ್ಯಾರಿದ್ದಾರ.” ನಾನೂ ತಲೆಯಾಡಿಸಿದೆ.

ಬಹಳ ದಿನಗಳ ಮೇಲೆ ವಿಷಯ ತಿಳಿದು ನಾನು ಕ್ಷಮೆ ಕೇಳಿದಾಗ ಆಕೆ ಗಾಬರಿಯಾದಳು. ನನ್ನ ತಪ್ಪಿಗಲ್ಲ, ನಾನು ತಪ್ಪು ಮಾಡದೆ ಹೋಗಿದ್ದರೆ ಏನಾಗುತ್ತಿತ್ತೆಂದು. “ಕರಿ ಎಳ್ಳ ಅಂತ ಬರದಿದ್ರ ನಾ ಹಾಕ್ತಿದ್ದಿಲ್ರಿ. ಬಸುರಿಗೆ ಎಳ್ಳ ಕೊಡ್ತಾರೇನ್ರಿ? ಉಷ್ಣ ಅಲ್ಲೇನ್ರಿ!” ಎಳ್ಳೆಣ್ಣೆಯನ್ನು ಆಕೆ ಆ ಸಂಜೆಯೇ ತಳ್ಳಿಹಾಕಿದ್ದಳು. “ಅದು ಶನಿವಾರ ಹಣಮಪ್ಪನ ದೀಪಕ್ಕ ಹಾಕೂ ಎಣ್ಣಿರಿ ಮಾಸ್ತರ್ರ. ಕುಸುಬಿ ಎಣ್ಣಿ ಹಾಕ್ತೀನಿ, ಊರಿಂದ ಬಂದದ್ದೈತಿ.”

ಸೋಯಾ ಸಾಸ್ ಎಂದರೇನೆಂದು ಆಕೆಗೆ ಗೊತ್ತಿತ್ತು. ಓಣಿಯ ತುದಿಯಲ್ಲಿ ಚೈನೀಸ್ ಗಾಡಿ ಹಾಕುವ ಶ್ರೀಮಂತ ಎಂಬಾತ ಕಲಬುರಗಿಯವನು.

“ಏನ್ ಚಿಗವ್ವಾ, ನನ್ನ ಬಾಜೂಕ ನೀನೂ ಗಾಡಿ ಹಚ್ಚಾಕೀ ಏನು?” ಎಂದು ಕೇಳುತ್ತಲೇ ಆತ ಸಣ್ಣ ಸೀಸೆಗಳಲ್ಲಿ ಸಾಸನ್ನೂ ವಿನೆಗರನ್ನೂ ಹಾಕಿಕೊಟ್ಟ.

“ಹಚ್ಚಿದ್ರ ನಿನ್ನ ಗಾಡಿಗೆ ಯಾವ ನಾಯಿ ಬರ್ತದೋ? ಇದು ಸೊಸಿಗೆ. ಬಯಕಿ.”

ಬಯಕೆ ಎಂದ ಕೂಡಲೇ ಅವನು ಗಾಡಿಯ ಮೇಲಿನ ಎಲೆಯಿರುವ ಎಳೆಯ ಈರುಳ್ಳಿಯ ಕಟ್ಟೊಂದನ್ನೂ ಚೀಲಕ್ಕೆ ಹಾಕಿದ.

ಮುಲುಂಡಿನ ಮನೆಯಲ್ಲಿ ಹುರಿಯುವ ವಾಸನೆ ಏಳಬಾರದೆಂದು ಲಕ್ಷ್ಮವ್ವ ಕಾರೆಳ್ಳನ್ನು ಜೋಗೇಶ್ವರಿಯಲ್ಲೇ ಹುರಿದಳು. ನನ್ನ ಚೀಟಿಯಲ್ಲಿ ಉದುರಿಸಿ ಎಂದಷ್ಟೇ ಇತ್ತು. ಕಾರೆಳ್ಳನ್ನು ಕುಟ್ಟದೆ ಯಾರಾದರೂ ತಿನ್ನುತ್ತಾರೆಯೇ ಎಂದು ತರಿತರಿಯಾಗಿ ಕುಟ್ಟಿ ಡಬ್ಬಿ ತುಂಬಿದಳು. ತನ್ನ ಮಧ್ಯಾಹ್ನಕ್ಕೆಂದು ಎರಡು ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಮರುದಿನ ಬೆಳಿಗ್ಗೆ ಪವಾಯಿಯ ಮೇಲೆ ಹಾಯುವ ಬಸ್ಸು ಹಿಡಿದು ಕಾಂಜೂರಿಗೆ ಹೋಗಿ, ಅಲ್ಲಿಂದ ಲೋಕಲ್‌ನಲ್ಲಿ ಮುಲುಂಡಿಗೆ ಹೋದಳು. ಮುಂದಿನದೆಲ್ಲ ಆಕೆಯೇ ನನಗೆ ಹೇಳಿದ್ದು.

ಶೇಖರ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ರಂಜನಾಳಿಗೆ ಯಾರನ್ನೂ ಕೂರಿಸುವ ತ್ರಾಣವಿರಲಿಲ್ಲ. ಆಕೆ ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡಿದಳು. ಲಕ್ಷ್ಮವ್ವ ಸೌತೆಕಾಯಿಯ ತುದಿ ಕೊಯ್ದು, ಆ ತುಣುಕಿನಿಂದಲೇ ಗುಂಡಗೆ ತಿಕ್ಕಿ ಬಿಳಿ ನೊರೆ ತೆಗೆದಳು.

“ಆಯಿ, ಹೆ ಕಶಾಲಾ?” ಇದು ಯಾತಕ್ಕೆ ಎಂದು ಕೇಳಿದಳು ಹುಡುಗಿ.

“ಕಡವಾ ನಿಕಲ್ ಜಾತಾ ಹೈ ಬೇಟಾ. ಕಹಿ, ಕಹಿ.” ಲಕ್ಷ್ಮವ್ವ ಮುಖ ಕಿವಿಚಿ ತೋರಿಸಿದಳು. ರಂಜನಾಳ ತುಟಿಯಂಚಿನಲ್ಲಿ ನಗೆ ಬಂದಿತು.

ಉಪ್ಪು ಹಚ್ಚುವಾಗ ಲಕ್ಷ್ಮವ್ವನ ಕೈ ತಡೆಯಿತು. ನಮ್ಮ ಹಸಿ ಸೌತೆಕಾಯಿ ಪಚಡಿಗೆ ಉಪ್ಪು ಕಟ್ಟಕಡೆಯದು. ಮೊದಲೇ ಹಾಕಿದರೆ ನೀರೊಡೆಯುತ್ತದೆಂದು ಸೊಸೆಯಂದಿರಿಗೆ ಬೈಯುವುದುಂಟು. ಇಲ್ಲಿ ನೀರೊಡೆಯಲೆಂದೇ ಹಾಕಬೇಕು, ಅದನ್ನು ಹಿಂಡಿ ಚೆಲ್ಲಬೇಕು. ಆಕೆ ಹಿಂಡಿದಳು, ಆದರೆ ಚೆಲ್ಲಲು ಮನಸ್ಸಾಗದೆ ಆ ನೀರನ್ನು ಲೋಟಕ್ಕೆ ಬಸಿದು ತಾನೇ ಕುಡಿದಳು. ಹಿಂಡಿದ ಬಿಲ್ಲೆಗಳು ಬಾಗಿದರೂ ಮುರಿಯುತ್ತಿರಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡರೆ ಕಟಕ್ಕೆಂದಿತು. “ಶಾಣ್ಯಾರು” ಎಂದು ಕೊರಿಯಾದವರನ್ನು ಮತ್ತೊಮ್ಮೆ ಹೊಗಳಿದಳು. ಬ್ಯಾಡಗಿ ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಸಾಸು, ವಿನೆಗರ್, ಸಕ್ಕರೆ, ಎಳೆಯ ಈರುಳ್ಳಿ, ಕುಸುಬೆ ಎಣ್ಣೆ ಎಲ್ಲವೂ ಬಿದ್ದು ಸೌತೆಕಾಯಿ ಕೆಂಪಾಯಿತು. ಮೇಲೆ ಕಾರೆಳ್ಳಿನ ಪುಡಿ ಬಿದ್ದ ಕೂಡಲೇ ಮಳೆಗಾಲದ ಚರಂಡಿಯ ಬಣ್ಣ ಬಂದಿತು.

ಮೊಬೈಲಿನ ಚಿತ್ರದಲ್ಲಿ ಅದು ಹಾಗಿರಲಿಲ್ಲವೆಂದು ಲಕ್ಷ್ಮವ್ವನಿಗೂ ತಿಳಿಯಿತು. ರಂಜನಾ ಬಟ್ಟಲನ್ನು ನೋಡಿದಳು, ಅತ್ತೆಯನ್ನು ನೋಡಿದಳು.

“ಥೋಡಂ ಖಾ ಗ ಬಾಳಾ. ಏಕ್ ಘಾಸ್.” ಸ್ವಲ್ಪ ತಿನ್ನು, ಒಂದೇ ತುತ್ತು ಎಂದಳು ಲಕ್ಷ್ಮವ್ವ.

ಹುಡುಗಿ ಒಂದು ಬಿಲ್ಲೆ ತಿಂದಳು. ಎರಡನೆಯದು ತಿಂದಳು. ನಾಲ್ಕಾದ ಮೇಲೆ ಬಟ್ಟಲನ್ನು ಕೆಳಗಿಟ್ಟು ಗೋಡೆಗೆ ಒರಗಿದಳು. ಲಕ್ಷ್ಮವ್ವ ಬಾತ್‌ರೂಮಿನ ದೀಪ ಹಾಕಿ, ಬಕೆಟ್ಟಿನಲ್ಲಿ ನೀರು ತುಂಬಿಟ್ಟು, ಟವೆಲು ಹಿಡಿದು ನಿಂತಳು. ಪ್ರತಿದಿನ ಹತ್ತು ನಿಮಿಷದೊಳಗೆ ಎಲ್ಲ ಹೊರಗೆ ಬರುತ್ತದೆಂದು ಶೇಖರ ಹೇಳಿದ್ದ. ಹತ್ತು ನಿಮಿಷವಾಯಿತು. ಹನ್ನೆರಡಾಯಿತು. ರಂಜನಾ ಥಟ್ಟನೆ ಎದ್ದಳು. ಲಕ್ಷ್ಮವ್ವ ಟವೆಲು ಮುಂದೆ ಹಿಡಿದು ದಾರಿ ಬಿಟ್ಟಳು.

ಹುಡುಗಿ ಬಾತ್‌ರೂಮಿಗೆ ಹೋಗಲಿಲ್ಲ. ಅಡಿಗೆಕಟ್ಟೆಯ ಮೇಲಿದ್ದ ಡಬ್ಬಿಯನ್ನು ತೆರೆದು, ಕರಿಯ ಪುಡಿಯನ್ನು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟುಕೊಂಡಳು.

“ಆಯಿ, ಹೆ ಕಾರಳೆ ಆಹೆ ನಾ?”

“ಹೌದ! ಕಾರೆಳ್ಳ!”

“ಕಾರಳೆ?”

“ಕಾರೆಳ್ಳ!”

ಗಡಿಯ ಆಚೆ ಒಂದು ಹೆಸರು, ಈಚೆ ಒಂದು. ಅಕ್ಷರ ತುಸು ಬೇರೆ, ಕಾಳು ಒಂದೇ. ಮಂಗಳವೇಢೆಯಲ್ಲಿ ತನ್ನ ಅಜ್ಜಿ ಇದರ ಚಟ್ನಿ ಕುಟ್ಟುತ್ತಿದ್ದುದನ್ನೂ, ಮುಂಬಯಿಗೆ ಬಂದ ಮೇಲೆ ತಾನು ತಿನ್ನದೆ ಹೋದುದನ್ನೂ ರಂಜನಾ ಒಂದೇ ಉಸಿರಿನಲ್ಲಿ ಹೇಳಿದಳು. ಲಕ್ಷ್ಮವ್ವನಿಗೆ ಅರ್ಧ ತಿಳಿಯಿತು, ಉಳಿದರ್ಧ ತಿಳಿಯಬೇಕಾಗಿರಲಿಲ್ಲ. ಹುಡುಗಿಯ ಕಣ್ಣು ಈಗ ಬಟ್ಟೆಯ ಗಂಟಿನ ಮೇಲಿತ್ತು.

“ತ್ಯಾತ ಭಾಕರಿ ಆಹೆ ಕಾ?”

ಲಕ್ಷ್ಮವ್ವ ಗಂಟು ಬಿಚ್ಚಿದಳು. ಇಬ್ಬರೂ ಅಡಿಗೆಮನೆಯ ನೆಲದ ಮೇಲೆಯೇ ಕುಳಿತರು. ರಂಜನಾ ರೊಟ್ಟಿ ಮುರಿದು, ಕೊರಿಯಾ ದೇಶದ ಸೌತೆಕಾಯಿಯನ್ನು ಅದರಲ್ಲಿ ಹಿಡಿದು, ಅರ್ಧ ರೊಟ್ಟಿ ತಿಂದಳು. ಖಾರಕ್ಕೆ ಮೂಗು ಸೋರಿದರೆ ಅತ್ತೆಯ ಕೈಯಲ್ಲಿದ್ದ ಟವೆಲನ್ನೇ ಎಳೆದುಕೊಂಡು ಒರೆಸಿಕೊಂಡಳು. ತಿಂದು ಅಲ್ಲಿಯೇ ಚಾಪೆಯ ಮೇಲೆ ಅಡ್ಡಾಗಿ, ಲಕ್ಷ್ಮವ್ವನ ಸೆರಗಿನ ತುದಿಯನ್ನು ಹಿಡಿದು ಅರೆನಿದ್ದೆಯಲ್ಲಿ ಏನೋ ಹೇಳಿ, ನಿದ್ದೆ ಹೋದಳು.

ಒಂದು ಗಂಟೆಗೆ ಶೇಖರನ ಫೋನ್ ಬಂದಿತು. ಹುಡುಗಿ ಏಳಬಾರದೆಂದು ಲಕ್ಷ್ಮವ್ವ ಅಲುಗಾಡದೆ, ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಉಳೀತೇನವ್ವಾ?”

“ಉಳದದ. ಮಲಗ್ಯಾಳ. ಒದರಬ್ಯಾಡ.”

ಅವನೂ ದನಿ ತಗ್ಗಿಸಿದ: “ಸಂಜಿಗೆ ಏನ್ ತರ್ಲಿ?”

“ಸೌತಿಕಾಯಿ ತಾ, ಎಳೀವು ನೋಡಿ. ಮತ್ತ ಜೋಗೇಶ್ವರಿಗೆ ಹೋಗಿ ನನ್ನ ನಾಕ ಸೀರಿ ತಗೊಂಡ ಬಾ. ಹೋಗಬ್ಯಾಡ ಅಂತಾಳ ಇಕಿ.”

“ಎಷ್ಟ ದಿನ?”

“ಅದನ್ನ ಎದ್ದ ಮ್ಯಾಲ ಕೇಳತೀನಿ. ಇಡು ಫೋನ್.”